ಮೂರು ವರ್ಷದ ಬಳಕೆಯ ನಂತರ: ಮೊದಲ ಫೋಟೋವನ್ನು ಆ್ಯಪ್‌ನ ಕೈಗೆ ಕೊಡಬಹುದೇ?

ಈ ಡೇಟಿಂಗ್ ಆ್ಯಪ್ ಹಾಕಿಕೊಂಡು ಮೂರು ವರ್ಷವಾಯಿತು. ಹೆಸರು ಬೇಡ. ನಾನು ಬರೆಯುತ್ತಿರುವುದು ಅದರ ಒಂದೇ ಸೌಲಭ್ಯದ ಬಗ್ಗೆ: ನಾವು ಹಾಕಿದ ಫೋಟೋಗಳಲ್ಲಿ ಯಾವುದನ್ನು ಮೊದಲು ತೋರಿಸಬೇಕೆಂದು ಆ್ಯಪ್ ತಾನೇ ಆರಿಸುವುದು.

ಎರಡು ವರ್ಷ ಅದನ್ನು ಆನ್ ಇಟ್ಟಿದ್ದೆ. ಮ್ಯಾಚ್ (ಇಬ್ಬರೂ ಪರಸ್ಪರ ಮೆಚ್ಚಿದಾಗ ಆಗುವ ಜೋಡಿ) ಹೆಚ್ಚಾದದ್ದು ನಿಜ. ಆದರೆ ಬರುತ್ತಿದ್ದ ಮೆಸೇಜುಗಳೆಲ್ಲ ಸೀರೆಯ ಬಗ್ಗೆಯೇ. ಅಕ್ಕನ ಮದುವೆಯಲ್ಲಿ ಮೈಸೂರು ಸಿಲ್ಕ್ ಉಟ್ಟು, ಅತ್ತೆಯ ಕಾಸಿನ ಸರ ಹಾಕಿಕೊಂಡು ತೆಗೆಸಿದ ಹಳೆಯ ಫೋಟೋ ಅದು. ಆಮೇಲೆ ಕೂದಲು ಕತ್ತರಿಸಿಕೊಂಡೆ, ಕನ್ನಡಕವೂ ಬಂತು. ಜಯನಗರದ ಹೋಟೆಲೊಂದರಲ್ಲಿ ಮೊದಲ ಸಲ ಭೇಟಿಯಾದವರು ಕಾಫಿ ಬರುವ ಮೊದಲೇ, "ಫೋಟೋದಲ್ಲಿ ಬೇರೆ ಥರ ಇದ್ರಿ" ಅಂದರು. ಸುಳ್ಳು ಹೇಳಿ ಸಿಕ್ಕಿಬಿದ್ದವಳ ಹಾಗೆ ಕೂತಿದ್ದೆ. ಕನ್ನಡಕದ ಫೋಟೋವನ್ನೇ ನಾನು ಮೊದಲು ಇಟ್ಟಿದ್ದೆ ಎಂದರೆ ಅವರು ನಂಬಬೇಕಲ್ಲ!

ಇಂಥದ್ದನ್ನು ಟಿಂಡರ್ ಎಂಬ ಡೇಟಿಂಗ್ ಆ್ಯಪ್ 2016ರಲ್ಲಿ ಸ್ಮಾರ್ಟ್ ಫೋಟೋಸ್ ಹೆಸರಿನಲ್ಲಿ ತಂದಿತು. ಮೊದಲ ಫೋಟೋವನ್ನು ಬದಲಿಸುತ್ತಾ ತೋರಿಸುವುದು, ಯಾವುದಕ್ಕೆ ಹೆಚ್ಚು ಜನ ಇಷ್ಟವೆಂದು ಬಲಕ್ಕೆ ಸ್ವೈಪ್ ಮಾಡಿದರೋ ಅದನ್ನು ಮುಂದೆ ತರುವುದು. ನೋಡುವವರ ಅಭಿರುಚಿಯನ್ನೂ ಗಮನಿಸುವುದರಿಂದ ಎಲ್ಲರಿಗೂ ಒಂದೇ ಫೋಟೋ ಮೊದಲು ಕಾಣಬೇಕೆಂದಿಲ್ಲ. ಪರೀಕ್ಷೆಯಲ್ಲಿ ಮ್ಯಾಚ್‌ಗಳು ಶೇ. 12ರವರೆಗೆ ಹೆಚ್ಚಿದವೆಂದು ಕಂಪನಿ ಹೇಳಿತ್ತು. ಇರಬಹುದು, ನನಗೂ ಹೆಚ್ಚಿತ್ತು. ಆದರೆ ಸ್ವೈಪ್ ಆಗುವುದು ಮಾತು ಶುರುವಾಗುವ ಮೊದಲು. ಆ ಮಾತು ಎರಡನೇ ದಿನಕ್ಕೆ ನಿಂತಿತೋ, ಎರಡು ತಿಂಗಳು ನಡೆಯಿತೋ ಎಂಬುದು ಸ್ವೈಪಿನ ಲೆಕ್ಕಕ್ಕೆ ಸಿಗುವುದಿಲ್ಲ.

ಜಾತಕದ ಜೊತೆ ಯಾವ ಫೋಟೋ ಹೋಗಬೇಕೆಂದು ನಮ್ಮಮ್ಮನ ಕಾಲದಲ್ಲಿ ಅಜ್ಜಿ ಆರಿಸುತ್ತಿದ್ದರಂತೆ. ಆದರೆ ಯಾವುದು ಹೋಯಿತೆಂದು ಅಮ್ಮನಿಗೆ ಗೊತ್ತಿರುತ್ತಿತ್ತು. ನನಗೆ ಅಷ್ಟೂ ಇಲ್ಲ. ಯಾವ ಫೋಟೋ ಎಷ್ಟು ಸಲ ಮುಂದೆ ಬಂತು, ಮ್ಯಾಚ್ ಆದವರು ಮೊದಲು ನೋಡಿದ್ದು ಯಾವುದು, ಇವೆರಡನ್ನು ತೋರಿಸಿದರೂ ಸಾಕಿತ್ತು. ಸಹಾಯ ವಿಭಾಗಕ್ಕೆ ಎರಡು ಸಲ ಬರೆದೆ. ಬಂದದ್ದು ಸಿದ್ಧ ಉತ್ತರ.

ಕಳೆದ ವರ್ಷ ಅದನ್ನು ಆಫ್ ಮಾಡಿ, ಸೀರೆಯ ಫೋಟೋವನ್ನೇ ತೆಗೆದುಹಾಕಿದೆ. ಮ್ಯಾಚ್ ಅರ್ಧಕ್ಕಿಳಿಯಿತು. ಈಗ ಭೇಟಿಯಾಗುವವರು ದೂರದಿಂದಲೇ ಗುರುತು ಹಿಡಿದು ಕೈಯೆತ್ತುತ್ತಾರೆ.