ನಾಲ್ಕು ನಮೂನೆ, ಒಂದು ಬಿಪಿ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಉಡುಪಿ ಬಳಿಯ ಮಲ್ಪೆಯ ಮೀನುಗಾರರು ಬಲೆ ಸರಿಪಡಿಸುತ್ತ ದಡದಲ್ಲಿಯೇ ಸಿಗುತ್ತಾರೆ. ರಕ್ತದೊತ್ತಡದ ಸಮೀಕ್ಷೆಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಎರಡು ಮಳೆಗಾಲ ಅಲ್ಲಿ ಬಿಪಿ ಯಂತ್ರ ಹಿಡಿದು ಕೂತ ಸಂಶೋಧನಾ ಸಹಾಯಕಿ ನಾನು.

ಮೊದಲ ಮಳೆಗಾಲದ ಕೊನೆಗೆ ಮುಖಭಂಗವಾಯಿತು. ತುಂಬಿದ ನಮೂನೆಗಳ ಒಂದೇ ಕಟ್ಟನ್ನು ನಾನೂ ನನ್ನ ಸಹೋದ್ಯೋಗಿಯೂ ಬೇರೆ ಬೇರೆಯಾಗಿ ಎಣಿಸಿದೆವು. ‘ಬಿಪಿ ಹೆಚ್ಚಿರುವವರು ಎಷ್ಟು ಮಂದಿ’ ಎಂಬುದಕ್ಕೆ ಇಬ್ಬರಿಗೂ ಬೇರೆ ಬೇರೆ ಉತ್ತರ. ಕೂಡಿಸುವುದರಲ್ಲಿ ಯಾರೂ ತಪ್ಪಿರಲಿಲ್ಲ. ಅಂದಿನಿಂದ ಯಾವ ನಮೂನೆ ಕೈಗೆ ಬಂದರೂ ನನ್ನ ಪರೀಕ್ಷೆ ಒಂದೇ: ನಾನು ತುಂಬಿದ್ದನ್ನು ಓದಿ, ನನ್ನನ್ನು ಏನೂ ಕೇಳದೆ, ಸಹೋದ್ಯೋಗಿ ನನ್ನ ಅಂಕಿಗೇ ಬರುತ್ತಾಳೆಯೇ?

ಆ ಸಲ ಬಳಸಿದ್ದು ಸೀನಿಯರ್‌ಗಳಿಂದ ಬಳುವಳಿಯಾಗಿ ಬಂದ ಪ್ರೊಫಾರ್ಮಾ. ಜೆರಾಕ್ಸಿನ ಜೆರಾಕ್ಸ್, ಮೇಲಿನ ಸಾಲು ಮಾಸಿ ಹೋಗಿತ್ತು. ಅದರಲ್ಲಿ ‘ಬಿಪಿ’ ಎಂದು ಬರೆದು ಮುಂದೆ ಒಂದು ಗೆರೆ, ಅಷ್ಟೇ. ಕೂತ ಕೂಡಲೇ ನೋಡಿದ್ದೋ, ದಣಿವಾರಿದ ಮೇಲೆ ನೋಡಿದ್ದೋ ಗೆರೆ ಹೇಳುವುದಿಲ್ಲ. ‘ತಂಬಾಕು: ಹೌದು/ಇಲ್ಲ’ ಎಂಬಲ್ಲಿ ಎಲೆಅಡಿಕೆಯೊಳಗೆ ಹೊಗೆಸೊಪ್ಪು ಇಟ್ಟುಕೊಂಡವರೂ ತುಳುವಿನಲ್ಲಿ ‘ಇಜ್ಜಿ’ (ಇಲ್ಲ) ಎಂದೇ ಹೇಳಿದರು, ಅವರ ಲೆಕ್ಕದಲ್ಲಿ ತಂಬಾಕು ಎಂದರೆ ಬೀಡಿ. ಆದರೂ ಒಂದು ಗುಣ ಒಪ್ಪಬೇಕು. ಒಂದೇ ಪುಟ, ಮಳೆ ಬಂದರೆ ಮಡಚಿ ಕಿಸೆಗೆ ಹಾಕಬಹುದು.

ಎರಡನೆಯ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ‘ಸ್ಟೆಪ್ಸ್’ ಪ್ರಶ್ನಾವಳಿ ಹಿಡಿದೆವು. ಅದರ ಕ್ರಮದಲ್ಲಿ ಹದಿನೈದು ನಿಮಿಷ ಸುಮ್ಮನೆ ಕೂರಿಸಬೇಕು, ಮೂರು ನಿಮಿಷದ ಅಂತರದಲ್ಲಿ ಮೂರು ಸಲ ನೋಡಬೇಕು, ಕೊನೆಯ ಎರಡರ ಸರಾಸರಿ ತೆಗೆಯಬೇಕು. ಬಲೆ ಎಳೆದು ಬಂದವರ ಮೊದಲ ಅಂಕಿ ಮೂರನೆಯದಕ್ಕಿಂತ ಎಷ್ಟು ಮೇಲಿರುತ್ತದೆ ಎಂಬುದನ್ನು ಕಣ್ಣಾರೆ ಕಂಡ ಮೇಲೆ ಹಳೆಯ ಕಟ್ಟನ್ನು ನಂಬುವ ಮನಸ್ಸಾಗಲಿಲ್ಲ. ಬಿಪಿ ಹೆಚ್ಚು ಎನ್ನುವ 140/90ರ ಗೆರೆಯ ಆಚೆ ಈಚೆ ಇರುವವರು ಯಾವ ಅಂಕಿ ಬರೆದೆವು ಎಂಬುದರ ಮೇಲೆಯೇ ರೋಗಿಗಳೋ ಆರೋಗ್ಯವಂತರೋ ಆಗುತ್ತಾರೆ. ಸೇದುವ ತಂಬಾಕು, ಜಗಿಯುವ ತಂಬಾಕು ಎರಡನ್ನೂ ಅದು ಬೇರೆ ಬೇರೆಯಾಗಿ ಕೇಳುತ್ತದೆ, ತೋರಿಸಲು ಚಿತ್ರಗಳೂ ಇವೆ.

ಉಪ್ಪಿನ ಪ್ರಶ್ನೆಗೆ ಮಾತ್ರ ನಗು ಬಂತು. ಉದಾಹರಣೆಗೆ ಕೊಟ್ಟಿರುವುದು ಸೋಯಾ ಸಾಸ್! ಗಂಜಿಯ ಜೊತೆ ಒಣಮೀನು, ಉಪ್ಪಿನಕಾಯಿ, ಮಳೆಗಾಲಕ್ಕೆಂದು ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ತಿನ್ನುವ ಊರಿಗೆ ಇದು ಎಲ್ಲಿಯದು? ಮೂಲ ಪ್ರಶ್ನೆಗಳನ್ನು ಹಾಗೆಯೇ ಉಳಿಸಿಕೊಂಡು ಊರಿಗೆ ತಕ್ಕಂತೆ ಸೇರಿಸಿಕೊಳ್ಳಲು ಸ್ಟೆಪ್ಸ್‌ನಲ್ಲಿ ಅವಕಾಶವಿದೆ, ಸೇರಿಸಿದೆವು. ತೊಂದರೆ ಸಮಯದ್ದು. ಒಬ್ಬರಿಗೆ ಅರ್ಧ ಗಂಟೆಗೂ ಹೆಚ್ಚು ಹಿಡಿಯಿತು, ಇಬ್ಬರು ಮಧ್ಯದಲ್ಲಿ ಎದ್ದೇ ಹೋದರು.

‘ಸ್ಟ್ರೋಬ್’ ಪಟ್ಟಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 2007ರಲ್ಲಿ ಪ್ರಕಟವಾದ 22 ಅಂಶಗಳ ಆ ಪಟ್ಟಿ ಸಮೀಕ್ಷೆಯಂಥ ಅಧ್ಯಯನಗಳ ವರದಿ ಬರೆಯುವವರಿಗಾಗಿ ಇರುವುದು. ನಾನು ಅದನ್ನು ತುಂಬಿದ್ದು ಪ್ರಬಂಧ ಕಳುಹಿಸುವ ಹಿಂದಿನ ರಾತ್ರಿ. ‘ಬಿಟ್ಟುಹೋದ ಮಾಹಿತಿಯನ್ನು ಹೇಗೆ ನಿಭಾಯಿಸಿದಿರಿ’ ಎಂದು ಅದು ಕೇಳಿತು. ಆಗ ಕೂತು ಒಂದು ವಾಕ್ಯ ಹೊಸೆದೆ. ಮದುವೆ ಮುಗಿದ ಮೇಲೆ ಜಾತಕ ನೋಡಿದ ಹಾಗೆ. ತಪ್ಪು ಪಟ್ಟಿಯದ್ದಲ್ಲ, ನನ್ನದು.

ನನಗೆ ನಿಜವಾಗಿ ಕಷ್ಟ ಕೊಟ್ಟಿದ್ದು ಎಲ್ಲಕ್ಕಿಂತ ಚಿಕ್ಕ ನಮೂನೆ. ‘ಆ್ಯಸ್‌ಪ್ರಿಡಿಕ್ಟೆಡ್’ ಎಂಬ ಜಾಲತಾಣದಲ್ಲಿ ಬೆರಳೆಣಿಕೆಯ ಪ್ರಶ್ನೆಗಳಿಗೆ ಉತ್ತರ ಬರೆದು ಅಧ್ಯಯನದ ಯೋಜನೆಯನ್ನು ಮೊದಲೇ ದಿನಾಂಕ ಸಹಿತ ದಾಖಲಿಸಬಹುದು, ಉಚಿತ. ಮೊದಲ ಪ್ರಶ್ನೆಯೇ ಮುಜುಗರದ್ದು: ಮಾಹಿತಿ ಸಂಗ್ರಹ ಈಗಾಗಲೇ ಆಗಿದೆಯೇ? ಯಾರನ್ನು ಯಾವ ನಿಯಮದ ಮೇಲೆ ಲೆಕ್ಕದಿಂದ ಕೈಬಿಡುತ್ತೀರಿ ಎಂಬ ಪ್ರಶ್ನೆಯ ಮುಂದೆ ಎರಡು ದಿನ ಕೂತೆ. ಬಿಪಿ ಮಾತ್ರೆ ನುಂಗಿ ಅಂಕಿ ಸರಿಯಾಗಿರುವವರನ್ನು ‘ಹೆಚ್ಚಿರುವವರು’ ಎನ್ನಬೇಕೇ? ಹಿಂದಿನ ವರ್ಷ ಸಹೋದ್ಯೋಗಿ ಅವರನ್ನು ಸೇರಿಸಿದ್ದಳು, ನಾನು ಬಿಟ್ಟಿದ್ದೆ. ಜಗಳದ ಬೇರು ಅಲ್ಲಿಯೇ ಇತ್ತು. ಸ್ಟೆಪ್ಸ್ ವರದಿಗಳಲ್ಲಿ ಎರಡೂ ಲೆಕ್ಕ ಕೊಡುತ್ತಾರೆ. ಯಾವುದು ನಮ್ಮ ಮುಖ್ಯ ಅಂಕಿ ಎಂಬುದನ್ನು ನಾವೇ ಮೊದಲು ಬರೆದಿಡಬೇಕು. ಸೇರಿಸುವುದೆಂದು ಬರೆದೆ.

ಚಿಕಿತ್ಸೆಯ ಪ್ರಯೋಗ ನಡೆಸುವವರಿಗೆ ಇಲ್ಲಿ ಆಯ್ಕೆಯಿಲ್ಲ. ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮೊದಲೇ ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿಯಲ್ಲಿ ದಾಖಲಿಸಬೇಕು. 2018ರ ಏಪ್ರಿಲ್ 1ರಿಂದ ಅಲ್ಲಿ ತಡವಾದ ನೋಂದಣಿ ನಿಂತಿದೆ. ನಮ್ಮಂಥ ಸಮೀಕ್ಷೆಯವರನ್ನು ಯಾರೂ ಬಲವಂತ ಮಾಡುವುದಿಲ್ಲ.

ಒಂದು ಸಂಜೆಯಷ್ಟೇ ಬಿಡುವಿದ್ದರೆ ಆ್ಯಸ್‌ಪ್ರಿಡಿಕ್ಟೆಡ್‌ನ ಚಿಕ್ಕ ನಮೂನೆಯನ್ನು ಆರಿಸಿಕೊಳ್ಳುತ್ತೇನೆ. ಎರಡು ವಾರವಿದ್ದರೆ ಅದರ ಜೊತೆ ಸ್ಟೆಪ್ಸ್‌ನ ಅಳತೆಯ ಭಾಗ ಮಾತ್ರ. ಇಡೀ ಪ್ರಶ್ನಾವಳಿ ಬೇಡ. ಸ್ಟ್ರೋಬ್ ಪಟ್ಟಿಯನ್ನು ಮುದ್ರಿಸಿ ಮೊದಲ ದಿನವೇ ಗೋಡೆಗೆ ಅಂಟಿಸುತ್ತೇನೆ.

ಎರಡನೆಯ ವರ್ಷದ ಕಟ್ಟನ್ನೂ ಇಬ್ಬರೂ ಬೇರೆ ಬೇರೆಯಾಗಿ ಎಣಿಸಿದೆವು. ಒಬ್ಬರದ್ದಷ್ಟೇ ವ್ಯತ್ಯಾಸ ಬಂತು. ಕಾಗದ ತೆಗೆದು ನೋಡಿದರೆ, ಆ ಅಣ್ಣ ‘ಬಿಪಿ ಮಾತ್ರೆ’ ಎಂದು ಹೇಳಿದ್ದರು, ಅಂಚಿನಲ್ಲಿ ನನ್ನದೇ ಕೈಬರಹದಲ್ಲಿ ‘ಗ್ಯಾಸ್ಟ್ರಿಕ್‌ನದ್ದಿರಬಹುದೇ?’ ಎಂದಿತ್ತು. ಈ ಸಲದ ನಮೂನೆಯಲ್ಲಿ ಹೊಸ ಖಾನೆ ಬಂದಿದೆ: ಮಾತ್ರೆಯ ಸ್ಟ್ರಿಪ್ಪನ್ನು ಕಣ್ಣಾರೆ ನೋಡಿದಿರಾ?