ಹೊರಡುವ ಮುನ್ನ ಬದಲಾದ ಒಂದು ಮಾತ್ರೆ

ವರ್ಷದಲ್ಲಿ ಕೆಲವು ತಿಂಗಳು ಹೊರದೇಶದಲ್ಲಿ ಕಳೆಯುವ ನಿವೃತ್ತರು ದಯವಿಟ್ಟು ಇದನ್ನು ಪೂರ್ತಿ ಓದಿ. ವಿಮೆ ಮಾಡಿಸಿದ್ದೇವೆ, ಇನ್ನೇನು ಚಿಂತೆ ಎಂದು ನಾವೂ ನೆಮ್ಮದಿಯಾಗಿದ್ದೆವು. ಬೇಕಾದ ಹೊತ್ತಿನಲ್ಲಿ ಆ ವಿಮೆಯಿಂದ ಒಂದು ಕಾಸೂ ಬರಲಿಲ್ಲ.

ನಮ್ಮ ಯಜಮಾನರಿಗೆ ಹನ್ನೆರಡು ವರ್ಷಗಳಿಂದ ರಕ್ತದೊತ್ತಡ. ದಿನಕ್ಕೊಂದು ಅಮ್ಲೋಡಿಪಿನ್ ಮಾತ್ರೆ, 5 ಮಿಲಿಗ್ರಾಂ. ಹೊರಡಲು ಮೂರು ವಾರವಿದ್ದಾಗ, ದೂರದ ಪ್ರಯಾಣವಲ್ಲವೇ, ಒಮ್ಮೆ ತೋರಿಸಿಕೊಂಡು ಬರೋಣ ಎಂದು ನಾನೇ ಹಟ ಹಿಡಿದು ವೈದ್ಯರ ಬಳಿಗೆ ಕರೆದುಕೊಂಡು ಹೋದೆ. ಒತ್ತಡ ತುಸು ಹೆಚ್ಚಿದೆ ಎಂದು ಅವರು ಪ್ರಮಾಣವನ್ನು 10ಕ್ಕೆ ಏರಿಸಿದರು. ಹಳೆಯ ಚೀಟಿಯಲ್ಲಿ 5ರ ಮೇಲೊಂದು ಗೀಟು, ಪಕ್ಕದಲ್ಲಿ 10. ಆ ಚೀಟಿಯನ್ನು ಮಡಚಿ ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಂಡೆ.

ಹೋದದ್ದು ಶೆಂಗೆನ್ ವಲಯದ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ, ಒಂದು ದೇಶಕ್ಕೆ. ಎಪ್ಪತ್ತೊಂದನೆಯ ದಿನ ರಾತ್ರಿ ಅವರು ಎದೆ ಹಿಡಿದುಕೊಂಡು ಎದ್ದು ಕುಳಿತರು. ಹೃದಯಾಘಾತ, ಸ್ಟೆಂಟ್, ನಾಲ್ಕು ರಾತ್ರಿ ಆಸ್ಪತ್ರೆ. ಅಲ್ಲಿನ ವೈದ್ಯರು, ದಾದಿಯರು ಮನೆಯವರಂತೆ ನೋಡಿಕೊಂಡರು, ಅದನ್ನು ಮರೆಯಲಾರೆ.

ವಿಮಾ ಕಂಪನಿಯ ಪತ್ರದಲ್ಲಿ ಇದ್ದದ್ದು ಒಂದೇ ಕಾರಣ: ಪ್ರಯಾಣದ ಹಿಂದಿನ 90 ದಿನಗಳಲ್ಲಿ ಔಷಧದ ಪ್ರಮಾಣ ಬದಲಾಗಿದೆ. ಮೊದಲೇ ಇರುವ ಕಾಯಿಲೆಗೂ ರಕ್ಷಣೆ ಕೊಡುತ್ತೇವೆ ಎನ್ನುವ ಎಷ್ಟೋ ಪಾಲಿಸಿಗಳು, ಆ ಕಾಯಿಲೆ ‘ಸ್ಥಿರ’ವಾಗಿರಬೇಕು ಎಂಬ ಷರತ್ತನ್ನು ಒಳಗಿನ ಪುಟಗಳಲ್ಲಿ ಬರೆದಿರುತ್ತವೆ. ಕೆಲವದರಲ್ಲಿ 90 ದಿನ, ಕೆಲವದರಲ್ಲಿ 180. ಮಾತ್ರೆ ಹೆಚ್ಚಿಸಿದರಷ್ಟೇ ಬದಲಾವಣೆ ಎಂದುಕೊಳ್ಳಬೇಡಿ. ಕಡಿಮೆ ಮಾಡಿದರೂ, ನಿಲ್ಲಿಸಿದರೂ, ಹೊಸ ಪರೀಕ್ಷೆ ಬರೆದುಕೊಟ್ಟು ಫಲಿತಾಂಶ ಬಾರದಿದ್ದರೂ ಅನೇಕ ಪಾಲಿಸಿಗಳ ಲೆಕ್ಕದಲ್ಲಿ ಕಾಯಿಲೆ ಸ್ಥಿರವಲ್ಲ. ಶೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ರಕ್ಷಣೆಯ ವಿಮೆ ಬೇಕು ಎನ್ನುತ್ತಾರೆ. ಅಷ್ಟು ಮೊತ್ತದ ಪಾಲಿಸಿ ಕೈಯಲ್ಲಿದೆ ಎಂದ ಮಾತ್ರಕ್ಕೆ ನಿಮ್ಮ ಹಳೆಯ ಕಾಯಿಲೆ ಅದರೊಳಗೆ ಸೇರಿದೆ ಎಂದಲ್ಲ. ನಾವು ಮುಗ್ಗರಿಸಿದ್ದು ಇಲ್ಲಿಯೇ.

ಹಾಗೆಂದು ವಿಮೆಗಾಗಿ ಚಿಕಿತ್ಸೆಯನ್ನು ಮುಂದೂಡಬೇಡಿ, ಕೈಮುಗಿದು ಕೇಳುತ್ತೇನೆ. ಮಾತ್ರೆ ಬದಲಾಗಬೇಕಿದ್ದರೆ ಬದಲಾಗಲಿ. ಅದನ್ನು ಕಂಪನಿಗೆ ಬರೆದು ತಿಳಿಸಿ, ರಕ್ಷಣೆ ಉಂಟೋ ಇಲ್ಲವೋ ಎಂಬ ಉತ್ತರವನ್ನೂ ಬರಹದಲ್ಲೇ ತರಿಸಿಕೊಳ್ಳಿ. ಇಲ್ಲ ಎಂದರೆ ಪ್ರಯಾಣವನ್ನು ಮುಂದೆ ಹಾಕಿ. ಫೋನಿನಲ್ಲಿ ಯಾರೋ ‘ಏನೂ ತೊಂದರೆಯಿಲ್ಲ’ ಎಂದದ್ದು ಕೊನೆಗೆ ಲೆಕ್ಕಕ್ಕೆ ಬರುವುದಿಲ್ಲ.

ಹಣದ ಪಾಡು ಇನ್ನೊಂದು. ಮುಂಗಡ ಕಟ್ಟಲು ಆಸ್ಪತ್ರೆಯ ಕೌಂಟರಿನ ಮುಂದೆ ನಿಂತಿದ್ದೆ. ಪಿಂಚಣಿ ಬರುವ ಖಾತೆ ಅವರೊಬ್ಬರ ಹೆಸರಿನಲ್ಲಿತ್ತು. ಒಟಿಪಿ ಹೋಗುತ್ತಿದ್ದದ್ದು ನಾವು ಎರಡು ತಿಂಗಳಿಂದ ಬಳಸದೇ ಇದ್ದ ಹಳೆಯ ಸಂಖ್ಯೆಗೆ, ಅದು ಸ್ಥಗಿತಗೊಂಡಿತ್ತು. ಮೂರು ಸಲ ಪ್ರಯತ್ನಿಸಿದ ಮೇಲೆ ಕಾರ್ಡ್ ಕೂಡ ನಿಂತುಹೋಯಿತು. ಒಳಗೆ ಅವರನ್ನು ಮಲಗಿಸಿದ್ದಾರೆ, ಹೊರಗೆ ನಾನು ಪಾಸ್‌ವರ್ಡ್ ನೆನಪಿಸಿಕೊಳ್ಳುತ್ತಿದ್ದೇನೆ. ಆ ಅರ್ಧ ಗಂಟೆ ಶತ್ರುವಿಗೂ ಬೇಡ. ಕಡೆಗೆ ಮಗನೇ ಕಟ್ಟಿದ. ಹಳೆಯ ಸಂಖ್ಯೆಯನ್ನು ಜೀವಂತವಾಗಿಡಿ, ರೋಮಿಂಗ್‌ನಲ್ಲಿ ಸಂದೇಶ ಬರುತ್ತದೆಯೇ ಎಂದು ಹೋದ ಮೊದಲ ದಿನವೇ ನೋಡಿ, ಒಂದು ಖಾತೆಯಾದರೂ ಇಬ್ಬರ ಹೆಸರಿನಲ್ಲಿರಲಿ.

ಇಷ್ಟರ ನಡುವೆ ದಿನಗಳ ಲೆಕ್ಕ. ಶೆಂಗೆನ್ ವಲಯದಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಇರಬಹುದು. ಬಂದ ದಿನ, ಹೊರಡುವ ದಿನ ಎರಡೂ ಸೇರುತ್ತವೆ. ಮೂರು ವಾರ ವಿಮಾನ ಹತ್ತಬಾರದು ಎಂದು ವೈದ್ಯರು ಹೇಳಿದಾಗ ನಮಗೆ ಉಳಿದಿದ್ದದ್ದು ಹದಿನೈದೇ ದಿನ. ಇಂಥ ಸಂದರ್ಭದಲ್ಲಿ ವೈದ್ಯರ ಪತ್ರದೊಂದಿಗೆ, ಅವಧಿ ಮುಗಿಯುವ ಮೊದಲೇ ಅರ್ಜಿ ಹಾಕಿದರೆ ವೀಸಾ ವಿಸ್ತರಣೆಗೆ ದಾರಿಯಿದೆ, ಶುಲ್ಕವೂ ಇಲ್ಲ. ಪಕ್ಕದ ಹಾಸಿಗೆಯ ರೋಗಿಯ ಮಗಳು ಹೇಳದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಮನೆಗೆ ಬೀಗ ಹಾಕಿ ಹೋಗುವವರು ಮನೆಯ ವಿಮೆಯನ್ನೂ ತೆಗೆದು ಓದಿ. 30 ಅಥವಾ 60 ದಿನಕ್ಕಿಂತ ಹೆಚ್ಚು ಕಾಲ ಮನೆ ಖಾಲಿಯಿದ್ದರೆ ಕೆಲವು ನಷ್ಟಗಳಿಗೆ ಪರಿಹಾರವಿಲ್ಲ ಎಂಬ ಷರತ್ತು ಅದರಲ್ಲಿಯೂ ಇರಬಹುದು.

ಯಜಮಾನರು ಈಗ ಗೆಲುವಾಗಿದ್ದಾರೆ. ಕಂಪನಿಗೆ ಮೇಲ್ಮನವಿ ಸಲ್ಲಿಸಿದ್ದೇವೆ. ಅದರ ಜೊತೆಗೆ, ಗೀಟು ಎಳೆದ ಆ ಚೀಟಿಯ ಪ್ರತಿಯನ್ನೂ ಲಗತ್ತಿಸಬೇಕಾಯಿತು.