ಸಣ್ಣ ಕಾರಿಗೆ ಅಗ್ಗದ ಸಿಂಗಾರ: ಯಾವುದು ಎಷ್ಟು ದಿನ ತಾಳುತ್ತದೆ, ಕೆಟ್ಟರೆ ಹೇಗೆ ಕೆಡುತ್ತದೆ

ಆಲ್ಟೊ 800, ಹಳೆಯ ವ್ಯಾಗನ್ ಆರ್, ಇಯಾನ್‌ನಂಥ ಕಾರುಗಳು ಐದಾರು ವರ್ಷ ಬಿಸಿಲು ಮಳೆ ಕಂಡ ಮೇಲೆ ನಾಲ್ಕು ಕಡೆ ಮಂಕಾಗುತ್ತವೆ. ಕಬ್ಬಿಣದ ರಿಮ್ಮಿಗೆ ತುಕ್ಕು ಹಿಡಿಯುತ್ತದೆ, ಕಪ್ಪು ಪ್ಲಾಸ್ಟಿಕ್ ಬೂದಿ ಬಣ್ಣಕ್ಕೆ ತಿರುಗುತ್ತದೆ, ಟಾಪಿನ ಹೊಳಪು ಹೋಗುತ್ತದೆ, ಹೆಡ್‌ಲೈಟು ಹಳದಿಯಾಗುತ್ತದೆ. ಇವನ್ನೆಲ್ಲ ಮನೆಯಂಗಳದಲ್ಲೇ ಸರಿಮಾಡಿಕೊಳ್ಳಬಹುದು. ಪ್ರತಿಯೊಂದಕ್ಕೂ ಎರಡು ಮೂರು ದಾರಿಗಳಿವೆ. ಒಂದೇ ಕಾರಿನ ಮೇಲೆ ಅವನ್ನೆಲ್ಲ ಹಾಕಿ ನೋಡಿದಾಗ ಕಂಡದ್ದು ಇಷ್ಟು: ಮೊದಲ ವಾರ ಎಲ್ಲವೂ ಚೆಂದವೇ. ಒಂದು ಮಳೆಗಾಲ ಕಳೆದ ಮೇಲೆ ಯಾವುದು ಹೇಗೆ ಕೆಟ್ಟಿತು, ತೆಗೆದಾಗ ಅಡಿಯಲ್ಲಿ ಏನು ಉಳಿಯಿತು ಎಂಬುದರಲ್ಲೇ ವ್ಯತ್ಯಾಸ ಇರುವುದು. ಆದ್ದರಿಂದ ಇಲ್ಲಿ ಬೆಲೆಗಿಂತ ಹೆಚ್ಚಾಗಿ ಅದನ್ನೇ ನೋಡಿದ್ದೇವೆ.

ರಿಮ್ಮು: ವೀಲ್ ಕ್ಯಾಪ್, ಸ್ಪ್ರೇ ಬಣ್ಣ, ಸುಲಿಯುವ ರಬ್ಬರ್ ಲೇಪ

ಕಾರಿನ ರೂಪ ಬದಲಾಯಿಸುವುದರಲ್ಲಿ ರಿಮ್ಮಿನದು ಮೊದಲ ಸ್ಥಾನ. ಬಿಳಿ ಅಥವಾ ಬೆಳ್ಳಿ ಬಣ್ಣದ ಸಣ್ಣ ಕಾರಿಗೆ ರಿಮ್ಮು ಮಾತ್ರ ಮ್ಯಾಟ್ ಕಪ್ಪಾದರೂ ಸಾಕು, ಗಾಡಿ ಬೇರೆಯೇ ಕಾಣುತ್ತದೆ.

ಎಲ್ಲಕ್ಕಿಂತ ಸುಲಭವಾದದ್ದು ವೀಲ್ ಕ್ಯಾಪ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ನಿಮ್ಮೂರಿನ ಆಕ್ಸೆಸರಿ ಅಂಗಡಿಯಲ್ಲೋ ನಾಲ್ಕರ ಸೆಟ್ಟು ಸುಮಾರು 600ರಿಂದ 1,200 ರೂಪಾಯಿಗೆ ಸಿಗುತ್ತದೆ. ಅಳತೆ ತಿಳಿಯಲು ಟೈರಿನ ಪಕ್ಕೆ ನೋಡಿ: ಆಲ್ಟೊ 800ರಲ್ಲಿ 145/80 ಆರ್12 ಎಂದಿರುತ್ತದೆ, ಅಂದರೆ 12 ಇಂಚಿನ ಕ್ಯಾಪ್ ಬೇಕು. ಕೊಳ್ಳುವಾಗ ಅಂಚನ್ನು ಎರಡು ಕೈಯಲ್ಲಿ ಹಿಡಿದು ಸ್ವಲ್ಪ ಬಗ್ಗಿಸಿ ನೋಡಿ. ಬಾಗಿ ಮತ್ತೆ ನೇರವಾಗುವುದು ಒಳ್ಳೆಯದು. ಗಟ್ಟಿಯಾಗಿ ನಿಲ್ಲುವ ಪ್ಲಾಸ್ಟಿಕ್ಕು ಮೊದಲ ರಸ್ತೆಯುಬ್ಬಿಗೇ ಕ್ಲಿಪ್ಪಿನ ಬುಡದಲ್ಲಿ ಬಿರುಕು ಬಿಡುತ್ತದೆ. ಹಾಕುವಾಗ ವಾಲ್ವಿನ ಕಿಂಡಿಯನ್ನು ಮೊದಲು ಹೊಂದಿಸಿ, ಆಮೇಲೆ ಅಂಗೈಯಿಂದ ಎದುರುಬದುರಾಗಿ ಗುದ್ದಿ ಕೂರಿಸಬೇಕು. ಒಂದೊಂದು ಚಕ್ರಕ್ಕೆ ಎರಡು ಕಪ್ಪು ಕೇಬಲ್ ಟೈ ಹಾಕಿ ರಿಮ್ಮಿನ ತೂತಿಗೆ ಬಿಗಿದರೆ ಕ್ಯಾಪ್ ಕಳೆದುಹೋಗುವುದಿಲ್ಲ. ಆದರೆ ಪಂಚರ್ ಆದ ದಿನ ಆ ಟೈ ಕತ್ತರಿಸಬೇಕಾಗುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಒಂದು ಕಟ್ಟರ್, ನಾಲ್ಕು ಟೈ ಇರಲಿ.

ಕ್ಯಾಪಿನ ದೋಷ ಕಣ್ಣಿಗೆ ಬೀಳುವುದಿಲ್ಲ. ಕೆಸರು ಒಳಗೆ ಸೇರಿ ತಿಂಗಳುಗಟ್ಟಲೆ ಒಣಗದೆ ಕೂರುತ್ತದೆ. ಮಲೆನಾಡಿನಲ್ಲಿ, ಕರಾವಳಿಯ ಉಪ್ಪುಗಾಳಿಯಲ್ಲಿ ಒಂದು ಮಳೆಗಾಲ ಹಾಗೇ ಬಿಟ್ಟರೆ, ತೆಗೆದಾಗ ರಿಮ್ಮು ಮೊದಲಿಗಿಂತ ಹೆಚ್ಚು ತುಕ್ಕು ಹಿಡಿದಿರುತ್ತದೆ. ಆಗುಂಬೆ, ಚಾರ್ಮಾಡಿ ಇಳಿಯುವವರು ಕಿಂಡಿ ಕಡಿಮೆಯಿರುವ, ತಟ್ಟೆಯಂತಿರುವ ವಿನ್ಯಾಸವನ್ನು ತೆಗೆದುಕೊಳ್ಳಲೇಬಾರದು. ಬ್ರೇಕಿನ ಬಿಸಿ ಹೊರಗೆ ಹೋಗಲು ದಾರಿ ಬೇಕು.

ಎರಡನೆಯದು ಸ್ಪ್ರೇ ಬಣ್ಣ. ಶ್ರಮ ಹೆಚ್ಚು, ಆದರೆ ನಮ್ಮ ಮತ ಇದಕ್ಕೇ. 12 ಇಂಚಿನ ನಾಲ್ಕು ರಿಮ್ಮಿಗೆ 400 ಮಿ.ಲೀ.ನ ಒಂದು ಪ್ರೈಮರ್ (ಬಣ್ಣದಡಿಯ ಲೇಪ), ಎರಡು ಬಣ್ಣ, ಒಂದು ಕ್ಲಿಯರ್ (ಬಣ್ಣದ ಮೇಲಿನ ಪಾರದರ್ಶಕ ಲೇಪ) ಡಬ್ಬಿ ಸಾಕು. ಡಬ್ಬಿಗೆ ಸುಮಾರು 250ರಿಂದ 400 ರೂಪಾಯಿ. ಜೊತೆಗೆ ತಂತಿ ಬ್ರಷ್ಷು, 240 ಮತ್ತು 400 ನಂಬರಿನ ವಾಟರ್ ಪೇಪರ್ (ಉಜ್ಜುಕಾಗದ), ಥಿನ್ನರ್, ಮಾಸ್ಕಿಂಗ್ ಟೇಪು, ಒಂದು ಕಟ್ಟು ಹಳೆಯ ಇಸ್ಪೀಟೆಲೆ ಬೇಕು.

ಚಕ್ರವನ್ನು ಒಂದೊಂದಾಗಿ ಬಿಚ್ಚಿ, ಅದರ ಜಾಗಕ್ಕೆ ಸ್ಟೆಪ್ನಿ ಹಾಕಿ. ಗಾಡಿಯನ್ನು ಜಾಕಿಯ ಮೇಲೆ ರಾತ್ರಿಯಿಡೀ ನಿಲ್ಲಿಸುವುದು ಬೇಡ. ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿದ ಮೇಲೆ ತುಕ್ಕನ್ನು ತಂತಿ ಬ್ರಷ್ಷಿನಿಂದ ಕೆರೆದು, 240ರಲ್ಲಿ, ಆಮೇಲೆ 400ರಲ್ಲಿ ಉಜ್ಜಿ. ಹಳೆಯ ಬಣ್ಣವನ್ನು ಪೂರ್ತಿ ತೆಗೆಯಬೇಕಿಲ್ಲ, ಹೊಳಪು ಹೋದರೆ ಸಾಕು. ಥಿನ್ನರ್ ಅದ್ದಿದ ಬಟ್ಟೆಯಿಂದ ಬೇಗ ಒರೆಸಿ, ಆಮೇಲೆ ಕೈ ತಾಗಿಸಬೇಡಿ, ಬೆರಳಿನ ಜಿಡ್ಡು ಸಾಕು ಬಣ್ಣ ಏಳಲು. ಇಸ್ಪೀಟೆಲೆಗಳನ್ನು ಟೈರು ಮತ್ತು ರಿಮ್ಮಿನ ನಡುವಿನ ಸಂದಿಗೆ ಒಂದರ ಮೇಲೊಂದು ಬರುವಂತೆ ಸುತ್ತಲೂ ಸಿಗಿಸಿದರೆ ಟೈರಿಗೆ ಬಣ್ಣ ತಾಗುವುದಿಲ್ಲ. ವಾಲ್ವಿಗೆ ಟೇಪು ಸುತ್ತಿ. ಅಂಚಿನಲ್ಲಿರುವ ಬ್ಯಾಲೆನ್ಸಿಂಗ್ ಸೀಸದ ತುಂಡನ್ನು ಕೀಳಬೇಡಿ, ಅದರ ಮೇಲೆಯೇ ಬಣ್ಣ ಹೊಡೆಯಿರಿ.

ಹೆಚ್ಚಿನವರು ತಪ್ಪುವುದು ಇಲ್ಲಿ: ನಟ್ಟು ಕೂರುವ ಕೋನಾಕಾರದ ಕುಳಿಗಳಿಗೆ ಮತ್ತು ರಿಮ್ಮಿನ ಹಿಂದೆ ಹಬ್ಬಿಗೆ (ಚಕ್ರ ಕೂರುವ ಭಾಗಕ್ಕೆ) ತಾಗುವ ಮುಖಕ್ಕೆ ಬಣ್ಣ ಬೀಳಲೇಬಾರದು. ಅಲ್ಲಿ ಬಣ್ಣದ ಪದರ ಇದ್ದರೆ ಬಿಗಿದಾಗ ನಟ್ಟು ಗಟ್ಟಿಯಾಗಿ ಕೂತಂತೆ ಅನಿಸುತ್ತದೆ. ಓಡಿದ ಹಾಗೆ ಪದರ ಪುಡಿಯಾಗಿ ನಟ್ಟು ಸಡಿಲವಾಗುತ್ತದೆ. ಕುಳಿಗೆ ದುಂಡಗೆ ಕತ್ತರಿಸಿದ ಟೇಪು ಅಂಟಿಸಿ.

ಡಬ್ಬಿಯನ್ನು ಎರಡು ನಿಮಿಷ ಕುಲುಕಿ, 20ರಿಂದ 25 ಸೆಂ.ಮೀ. ದೂರದಿಂದ, ರಿಮ್ಮಿನ ಹೊರಗೆ ಶುರುಮಾಡಿ ಹೊರಗೇ ನಿಲ್ಲಿಸುವಂತೆ ಬೀಸಿ. ಪ್ರೈಮರ್ ಎರಡು ಕೋಟು, ಬಣ್ಣ ಮೂರು ತೆಳು ಕೋಟು, ಕೊನೆಗೆ ಕ್ಲಿಯರ್, ನಡುವೆ 10 ನಿಮಿಷ. ಮೊದಲ ಕೋಟಿನಲ್ಲಿ ಅಡಿಯ ಬಣ್ಣ ಕಾಣುತ್ತಲೇ ಇರಬೇಕು. ಅದನ್ನು ಮುಚ್ಚಲು ಹೋದರೇ ಬಣ್ಣ ಸೋರುವುದು. ಸುಕ್ಕು ಬಿದ್ದರೆ ಕಾರಣ ಸಾಮಾನ್ಯವಾಗಿ ಎರಡು: ಅರ್ಧ ಒಣಗಿದ ಕೋಟಿನ ಮೇಲೆ ಇನ್ನೊಂದು ಹೊಡೆದದ್ದು, ಅಥವಾ ಒಂದು ಕಂಪನಿಯ ಎನಾಮಲ್ ಮೇಲೆ ಇನ್ನೊಂದರ ಲ್ಯಾಕರ್ ಹೊಡೆದದ್ದು. ಪ್ರೈಮರ್, ಬಣ್ಣ, ಕ್ಲಿಯರ್ ಮೂರೂ ಒಂದೇ ಕಂಪನಿಯದಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಬೇಡ: ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಕಪ್ಪು ಬಣ್ಣ ಹಾಲಿನ ಕೆನೆ ಕಟ್ಟಿದಂತೆ ಬೆಳ್ಳಗಾಗುತ್ತದೆ.

24 ಗಂಟೆ ಬಿಟ್ಟು ಹಾಕಬಹುದು. ಪೂರ್ತಿ ಗಟ್ಟಿಯಾಗಲು ಒಂದು ವಾರ ಬೇಕು, ಅಲ್ಲಿಯವರೆಗೆ ಪ್ರೆಷರ್ ವಾಶ್ ಬೇಡ. ನಟ್ಟುಗಳನ್ನು ಎದುರುಬದುರಾಗಿ ಬಿಗಿದು, 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿಯಿರಿ. ಕಲ್ಲು ಬಡಿದು, ಪಂಚರ್ ಅಂಗಡಿಯ ಪಟ್ಟಿ ತಾಗಿ ಅಲ್ಲಲ್ಲಿ ಚಕ್ಕೆ ಏಳುವುದು ಖಂಡಿತ. ಆದರೆ ಅಷ್ಟು ಜಾಗಕ್ಕೆ ಡಬ್ಬಿಯಿಂದ ಮುಚ್ಚಳಕ್ಕೆ ಸ್ವಲ್ಪ ಬಣ್ಣ ಹೊಡೆದುಕೊಂಡು ಸಣ್ಣ ಬ್ರಷ್ಷಿನಲ್ಲಿ ಹಚ್ಚಿದರೆ ಮುಗಿಯಿತು. ಅಡಿಯಲ್ಲಿ ಪ್ರೈಮರ್ ಇರುವುದರಿಂದ ತುಕ್ಕು ಹರಡುವುದೂ ನಿಧಾನ.

ಮೂರನೆಯದು ಪ್ಲಾಸ್ಟಿ ಡಿಪ್ ತರಹದ, ಬೇಡವೆಂದಾಗ ಸುಲಿದು ತೆಗೆಯಬಹುದಾದ ರಬ್ಬರ್ ಲೇಪ. ಡಬ್ಬಿಯ ಬೆಲೆ ಮಾಮೂಲಿ ಸ್ಪ್ರೇಗಿಂತ ಎರಡು ಪಟ್ಟಿಗೂ ಹೆಚ್ಚು, ಡಬ್ಬಿಗಳೂ ಹೆಚ್ಚು ಬೇಕು. ಐದು ಆರು ಕೋಟು ದಪ್ಪಗೆ ಹೊಡೆದರೆ ಮಾತ್ರ ಹಾಳೆಯಂತೆ ಸುಲಿದು ಬರುತ್ತದೆ. ದುಡ್ಡು ಉಳಿಸಲು ಮೂರಕ್ಕೇ ನಿಲ್ಲಿಸಿದರೆ ಮುಂದೆ ಉಗುರಿನಿಂದ ಚೂರು ಚೂರಾಗಿ ಕೆರೆಯಬೇಕು. ಕೊನೆಯ ಕೋಟು ಹಸಿಯಾಗಿರುವಾಗಲೇ ಟೇಪು, ಎಲೆಗಳನ್ನು ತೆಗೆಯಬೇಕು. ಒಣಗಿದ ಮೇಲೆ ಎಳೆದರೆ ಅಂಚಿನಿಂದ ಪದರವೇ ಎದ್ದು ಬರುತ್ತದೆ. ಅಲಾಯ್ ವೀಲಿಗೆ, ಒಂದೆರಡು ವರ್ಷದಲ್ಲಿ ಮಾರುವ ಗಾಡಿಗೆ ಇದು ಸರಿ. ತುಕ್ಕು ಹಿಡಿದ ಕಬ್ಬಿಣದ ರಿಮ್ಮಿಗೆ ಬೇಡ. ಅಂಚು ಒಂದು ಕಡೆ ಹರಿದರೆ ಸಾಕು, ನೀರು ಪದರದಡಿ ಸೇರಿ ಹೊರಬರಲಾರದೆ ಕಬ್ಬಿಣವನ್ನು ತಿನ್ನುತ್ತದೆ.

ಬೂದಿಯಾದ ಕಪ್ಪು ಪ್ಲಾಸ್ಟಿಕ್ಕು

ಬಣ್ಣ ಹಚ್ಚದ ಕನ್ನಡಿ ಕವಚ, ಬಾಗಿಲ ಹಿಡಿಕೆ, ವೈಪರಿನ ಕೆಳಗಿನ ಜಾಲರಿ ಇವಕ್ಕೆ ಕೊಬ್ಬರಿ ಎಣ್ಣೆ, ಟೈರ್ ಪಾಲಿಶ್ ಸವರುವ ರೂಢಿ ಇದೆ. ಒಂದು ದಿನ ಮಿರಮಿರ ಮಿಂಚಿ, ಧೂಳು ಹಿಡಿದು, ಮೊದಲ ಮಳೆಗೆ ಬಾಗಿಲ ಮೇಲೆ ಕಪ್ಪು ಗೆರೆ ಇಳಿಸುತ್ತದೆ. ಅದನ್ನು ಬಿಟ್ಟುಬಿಡಿ.

ಕಪ್ಪು ಮರಳಿಸುವ ಟ್ರಿಮ್ ರೆಸ್ಟೋರರ್ ಜೆಲ್ಲುಗಳಲ್ಲಿ ಸಿಲಿಕೋನ್ ಎಣ್ಣೆಯವು ನಾಲ್ಕೈದು ವಾಶಿಗೆ ಹೋಗುತ್ತವೆ. ಸೆರಾಮಿಕ್ ಎಂದು ಬರುವ, ಹಚ್ಚಿ ಗಟ್ಟಿಯಾಗಲು ಬಿಡಬೇಕಾದಂಥವು ತಿಂಗಳುಗಟ್ಟಲೆ ನಿಲ್ಲುತ್ತವೆ. ಹಚ್ಚುವ ಮೊದಲು ಹಳೆಯ ಟೂತ್‌ಬ್ರಷ್ಷಿನಿಂದ ಸೋಪುನೀರಿನಲ್ಲಿ ಉಜ್ಜಿ, ಹಳೆಯ ಮೇಣ, ಪಾಲಿಶ್ ಪೂರ್ತಿ ತೆಗೆದರೆ ಮಾತ್ರ ಈ ಮಾತು ನಿಜ.

ಬಿಸಿಗಾಳಿ ಊದುವ ಹೀಟ್ ಗನ್ನಿನ ಉಪಾಯ ನೋಡಲು ಮಾಟದಂತಿದೆ. ಬಿಸಿಲಿಗೆ ಒರಟಾದ ಮೇಲ್ಪದರ ಕರಗಿ ಮತ್ತೆ ನುಣುಪಾಗಿ ಕಪ್ಪು ತಾನಾಗಿ ಮರಳುತ್ತದೆ. ಆದರೆ ಒಂದೇ ಕಡೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ನಿಂತರೆ ತರಿತರಿಯಾದ ಮೇಲ್ಮೈ ಕರಗಿ ಹೊಳೆಯುವ ಮಚ್ಚೆಯಾಗುತ್ತದೆ, ಅದಕ್ಕೆ ಮದ್ದಿಲ್ಲ. ಒಂದೆರಡು ಸಲಕ್ಕಿಂತ ಹೆಚ್ಚು ಒಂದೇ ತುಂಡಿನ ಮೇಲೆ ಇದು ಕೆಲಸ ಮಾಡುವುದೂ ಇಲ್ಲ. ಬಣ್ಣದ ಬಾಡಿಯ ಪಕ್ಕದಲ್ಲಂತೂ ಬೇಡವೇ ಬೇಡ.

ಕನ್ನಡಿ, ಹಿಡಿಕೆಯಂಥ ಸಣ್ಣ ಭಾಗಗಳಿಗೆ ಸ್ಪ್ರೇ ಬಣ್ಣವೂ ಒಂದು ದಾರಿ. ಪ್ಲಾಸ್ಟಿಕ್ ಪ್ರೈಮರ್ ಇಲ್ಲದೆ ಮಾತ್ರ ಮುಟ್ಟಬೇಡಿ: ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿಗೆ ಬಣ್ಣ ಅಂಟುವ ಗುಣ ಇಲ್ಲ, ತಿಂಗಳೊಳಗೆ ಸಿಪ್ಪೆಯಾಗಿ ಏಳುತ್ತದೆ. ಜೆಲ್ಲು ಮಾಸಿ ಹೋದರೆ ಪ್ಲಾಸ್ಟಿಕ್ಕು ಮೊದಲಿನಂತೆ ಇರುತ್ತದೆ, ಸಿಪ್ಪೆಯೆದ್ದ ಬಣ್ಣವನ್ನು ತೆಗೆಯುವುದು ದೊಡ್ಡ ಕೆಲಸ. ಹಾಗಾಗಿ ಇಲ್ಲಿ ಜೆಲ್ಲಿಗೇ ನಮ್ಮ ಮತ.

ಕಪ್ಪು ಟಾಪು: ಎರಡು ಬಗೆಯ ವಿನೈಲ್

ಟಾಪಿಗೆ ಅಂಟಿಸುವ ಪ್ಲಾಸ್ಟಿಕ್ ಹಾಳೆಯಾದ ವಿನೈಲಿನಲ್ಲಿ ಕ್ಯಾಲೆಂಡರ್ಡ್, ಕಾಸ್ಟ್ ಎಂದು ಎರಡು ಬಗೆ. ಅಂಗಡಿಯಲ್ಲಿ ರೋಲು ಬಿಚ್ಚಿ ತೋರಿಸಿದಾಗ ಎರಡೂ ಒಂದೇ ತರಹ ಕಾಣುತ್ತವೆ. ಕ್ಯಾಲೆಂಡರ್ಡ್ ವಿನೈಲನ್ನು ಬಿಸಿ ಉರುಳೆಗಳ ನಡುವೆ ಲಟ್ಟಿಸಿ ಮಾಡುತ್ತಾರೆ. ಆ ಎಳೆತ ಅದರೊಳಗೇ ಉಳಿದಿರುವುದರಿಂದ ಬಿಸಿಲು ಬಿದ್ದಂತೆ ಕುಗ್ಗುತ್ತದೆ. ಕಾಸ್ಟ್ ವಿನೈಲನ್ನು ದ್ರವವಾಗಿ ಸುರಿದು ಒಣಗಿಸುತ್ತಾರೆ, ಅದರಲ್ಲಿ ಎಳೆತ ಇರುವುದಿಲ್ಲ. ದಪ್ಪ ಇರುವುದೇ ಗಟ್ಟಿ ಎಂದು ಕೊಳ್ಳುವವರು ತಿಳಿಯುವುದು ಸಹಜ, ಆದರೆ ಇಲ್ಲಿ ತಿರುವುಮುರುವು: ಕಾಸ್ಟ್ ಸುಮಾರು 50 ಮೈಕ್ರಾನ್, ಕ್ಯಾಲೆಂಡರ್ಡ್ 75ರಿಂದ 100. ಬೆಲೆಯಲ್ಲಿ ಕಾಸ್ಟ್ ಹಲವು ಪಟ್ಟು ಹೆಚ್ಚು.

ಆಲ್ಟೊದಂಥ ಚಪ್ಪಟೆ ಟಾಪಿಗೆ ಕ್ಯಾಲೆಂಡರ್ಡ್ ಸಾಕಾಗುತ್ತದೆ, ಅದು ಸೋಲುವುದು ಅಂಚಿನಲ್ಲಿ. ಒಂದು ಬೇಸಿಗೆ ಕಳೆದ ಮೇಲೆ ಎರಡು ಮೂರು ಮಿ.ಮೀ. ಒಳಗೆ ಸರಿದು ಅಂಟಿನ ಗೆರೆ ಹೊರಬರುತ್ತದೆ, ಅದಕ್ಕೆ ಧೂಳು ಹಿಡಿದು ಬಿಳಿ ಕಾರಿನ ಮೇಲೆ ಕಪ್ಪು ಬಾರ್ಡರಿನಂತೆ ಕಾಣುತ್ತದೆ. ರಾಯಚೂರು, ಕಲಬುರಗಿಯ ಬಿಸಿಲಿಗೆ ಇದು ಇನ್ನೂ ಬೇಗ. ಕನ್ನಡಿ ಕವಚದಂಥ ಉಬ್ಬುಗಳಿಗೆ ಮಾತ್ರ ಕಾಸ್ಟ್ ಬಿಟ್ಟು ಬೇರೆ ಪ್ರಯತ್ನ ಬೇಡ.

ಐದು ಅಡಿ ಅಗಲದ ರೋಲು ಸಾಮಾನ್ಯ. ಉದ್ದವನ್ನು ಅಳೆದು ಎರಡೂ ಕಡೆ 10 ಸೆಂ.ಮೀ. ಸೇರಿಸಿ. ಆಂಟೆನಾ ಬಿಚ್ಚಿ, ಎರಡು ಬದಿಯ ಬೀಡಿಂಗ್ ರಬ್ಬರ್ ಎತ್ತಿ, ಅದರಡಿಗೆ ವಿನೈಲಿನ ಅಂಚು ಹೋಗುವಂತೆ ಮಾಡಿದರೆ ಏಳುವ ತೊಂದರೆ ಅರ್ಧ ಕಡಿಮೆ. ಬೆಳಗಿನ ಹೊತ್ತು, ನೆರಳಲ್ಲಿ, ಇಬ್ಬರು ಸೇರಿ ಮಾಡಬೇಕು. ತಗಡು ಬಿಸಿಯಿದ್ದರೆ ಅಂಟು ತಾಗಿದೊಡನೆ ಕಚ್ಚುತ್ತದೆ, ಸರಿಪಡಿಸಲು ಬಿಡುವುದಿಲ್ಲ. ಗಾಳಿ ಹೊರಹೋಗುವ ಗೆರೆಗಳಿರುವ ವಿನೈಲನ್ನು ನೀರು ಸಿಂಪಡಿಸದೆ ಅಂಟಿಸಿ. ಗೆರೆಗಳಿಲ್ಲದ ಅಗ್ಗದ್ದಕ್ಕೆ ಒಂದು ಲೀಟರ್ ನೀರಿಗೆ ನಾಲ್ಕೈದು ಹನಿ ಶಾಂಪೂ ಹಾಕಿ ಸಿಂಪಡಿಸಿಕೊಳ್ಳಿ. ನಡುವಿನಿಂದ ಅಂಚಿಗೆ, ಬಟ್ಟೆ ಸುತ್ತಿದ ಸ್ಕ್ವೀಜಿಯಿಂದ (ಒತ್ತಿ ಎಳೆಯುವ ಪಟ್ಟಿಯಿಂದ), ಒಂದು ಎಳೆತ ಇನ್ನೊಂದರ ಅರ್ಧವನ್ನು ಮುಚ್ಚುವಂತೆ ಒತ್ತಿ. ಗುಳ್ಳೆ ಉಳಿದರೆ ಬ್ಲೇಡು ಬೇಡ, ಸೂಜಿಯಿಂದ ಓರೆಯಾಗಿ ಚುಚ್ಚಿ ಒತ್ತಬೇಕು. ಬ್ಲೇಡಿನಿಂದ ಅಂಚು ಕತ್ತರಿಸುವಾಗ ಬಣ್ಣದ ಮೇಲೆ ಒತ್ತಡ ಬಿದ್ದರೆ ಆ ಗೀರಿನಲ್ಲೇ ತುಕ್ಕು ಶುರು. ಕೊನೆಗೆ ಅಂಚುಗಳಿಗೆ ಹೀಟ್ ಗನ್ ಹಿಡಿಯಿರಿ, ತಲೆಗೂದಲು ಒಣಗಿಸುವ ಡ್ರೈಯರ್ ಅಷ್ಟು ಬಿಸಿ ಮುಟ್ಟುವುದಿಲ್ಲ.

ಟಾಪಿಗೆ ಮೊದಲೇ ಗ್ಯಾರೇಜಿನಲ್ಲಿ ಬಣ್ಣ ಹೊಡೆಸಿದ್ದರೆ ವಿನೈಲ್ ಕೀಳುವಾಗ ಬಣ್ಣವೂ ಜೊತೆಗೆ ಬರುವ ಅಪಾಯವಿದೆ. ಕಂಪನಿಯ ಮೂಲ ಬಣ್ಣ ಇದ್ದರಷ್ಟೇ ಧೈರ್ಯವಾಗಿ ಅಂಟಿಸಿ, ಕ್ಯಾಲೆಂಡರ್ಡ್ ಆದರೆ ಎರಡು ವರ್ಷಕ್ಕೇ ಬಿಸಿ ಮಾಡಿ ತೆಗೆದುಬಿಡಿ. ಇನ್ನೂ ಬಿಟ್ಟರೆ ಪ್ಲಾಸ್ಟಿಕ್ಕು ಒಡೆಯತೊಡಗಿ ಅಂಟು ತಗಡಿನ ಮೇಲೇ ಉಳಿಯುತ್ತದೆ. ಇಡೀ ಗಾಡಿಯ ಬಣ್ಣ ಬದಲಾಯಿಸುವ ಯೋಚನೆ ಇದ್ದರೆ ಮೊದಲು ಆರ್‌ಟಿಒ ದಾರಿ ಹಿಡಿಯಬೇಕು, ಆರ್‌ಸಿಯಲ್ಲಿ ಬರೆದ ಬಣ್ಣಕ್ಕೂ ಗಾಡಿಗೂ ತಾಳೆಯಾಗಬೇಕು.

ಹೆಡ್‌ಲೈಟು

ಹಳದಿಯಾದ ಹೆಡ್‌ಲೈಟಿಗೆ ಟೂತ್‌ಪೇಸ್ಟು ಉಜ್ಜುವ ರೂಢಿ ಇದೆ. ಅದರಲ್ಲಿ ಉಜ್ಜುವ ಕಣಗಳಿರುವುದರಿಂದ ಗಾಜು ತಿಳಿಯಾಗುವುದು ನಿಜ, ಆದರೆ ಕೆಲವೇ ವಾರ. ಇದು ಗಾಜಲ್ಲ, ಪಾಲಿಕಾರ್ಬನೇಟ್ ಎಂಬ ಪ್ಲಾಸ್ಟಿಕ್ಕು. ಬಿಸಿಲಿನಿಂದ ಕಾಯುವ ಲೇಪವೇ ಸವೆದು ಹಳದಿಯಾಗಿದೆ. ಅದನ್ನು ತೆಗೆದ ಮೇಲೆ ಹೊಸ ಲೇಪ ಕೊಡದಿದ್ದರೆ ಇನ್ನೂ ಬೇಗ ಹಳದಿಯಾಗುತ್ತದೆ. ಸುತ್ತ ಎರಡು ಪದರ ಟೇಪು ಹಾಕಿ, ನೀರು ಸುರಿಯುತ್ತ 800, 1000, 1500, 2000 ವಾಟರ್ ಪೇಪರಿನಲ್ಲಿ ಕ್ರಮವಾಗಿ, ಪ್ರತಿ ಸಲ ದಿಕ್ಕು ಬದಲಿಸಿ ಉಜ್ಜಿ. ಇಳಿಯುವ ನೀರು ಹಳದಿ ಬಿಟ್ಟು ಬಿಳಿಯಾಗುವವರೆಗೆ 800ನ್ನು ಬಿಡಬೇಡಿ. ಆತುರ ಪಟ್ಟವರಿಗೆ ಅಂಚಿನಲ್ಲಿ ಹಳೆಯ ಲೇಪ ಉಳಿದು ಮೋಡ ಕವಿದಂತೆ ಕಾಣುತ್ತದೆ. ಒಣಗಿಸಿ, ಅದೇ ದಿನ ಬಿಸಿಲಿನ ಯುವಿ ಕಿರಣ ತಡೆಯುವ ಟೂ-ಕೆ (ಎರಡು ಭಾಗ ಬೆರೆಸುವ) ಕ್ಲಿಯರ್ ಎರಡು ಕೋಟು ಹೊಡೆಯಿರಿ. ಇದರ ಡಬ್ಬಿಯ ಬುಡದ ಗುಂಡಿ ಒತ್ತಿ ಗಟ್ಟಿಮಾಡುವ ಹಾರ್ಡ್‌ನರ್ ಬೆರೆಸಿದ ಮೇಲೆ ಒಂದೆರಡು ದಿನದಲ್ಲಿ ಒಳಗೇ ಗಟ್ಟಿಯಾಗುತ್ತದೆ, ಹಾಗಾಗಿ ನೆರೆಯವರ ಕಾರನ್ನೂ ಅಂದೇ ಕರೆಸಿಕೊಂಡರೆ ಖರ್ಚು ಹಂಚಿಹೋಗುತ್ತದೆ. ಹಾರ್ಡ್‌ನರಿನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು: ಬಯಲಲ್ಲೇ ಹೊಡೆಯಿರಿ, ಪೇಂಟರ್‌ಗಳು ಹಾಕುವ ಆವಿ ತಡೆಯುವ ಮಾಸ್ಕ್ ಹಾಕಿ, ಬಟ್ಟೆಯ ಮಾಸ್ಕ್ ಸಾಲದು. ಮಂಜು ಲೈಟಿನ ಒಳಗಡೆ ಕಟ್ಟಿದ್ದರೆ ಇದಾವುದೂ ಕೆಲಸಕ್ಕೆ ಬಾರದು, ಅಲ್ಲಿ ಸೀಲು ಹೋಗಿದೆ.

ಕ್ರೋಮ್ ಪಟ್ಟಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕರಾವಳಿಯಲ್ಲಿ ಒಂದೇ ಮಳೆಗಾಲಕ್ಕೆ ಚುಕ್ಕಿ ಬೀಳುತ್ತವೆ. ಕೇಳದೆ ಅಂಟಿಸುವುದಾದರೂ ಬಾಗಿಲಿನ ಕೆಳ ಅಂಚಿಗೆ ಬೇಡ. ಅಲ್ಲಿ ನೀರಿಳಿಯುವ ಸಣ್ಣ ತೂತುಗಳಿರುತ್ತವೆ, ಪಟ್ಟಿ ಅವನ್ನು ಮುಚ್ಚಿದರೆ ಗಾಜಿನ ಸಂದಿಯಿಂದ ಇಳಿದ ಮಳೆನೀರು ಬಾಗಿಲೊಳಗೇ ನಿಂತು, ಹೊರಗೆ ಬಣ್ಣ ಉಬ್ಬಿ ಬರುವಷ್ಟರಲ್ಲಿ ಒಳಗಿನ ತಗಡು ತೂತಾಗಿರುತ್ತದೆ.